ಗಾಳಿ ಕೊಳವೆಯ ಬಾಯಿ ಎಲ್ಲಿದೆ?

ದೆನ್ಪಸಾರ್
12 ಮೇ 2004

ಬಾಪನಿಗೆ ಲುಹ್‌ಳ ನಮಸ್ಕಾರ.

ಫೋನಿನಲ್ಲಿ ನಾನು ಇಲ್ಲಿಂದ ಕಿರುಚುವುದು, ಅಲ್ಲಿಂದ ನೀವು “ಹ್ಞಾಂ? ಯಾರು ಸತ್ತರು?” ಎಂದು ತಿರುಗಿ ಕಿರುಚುವುದು, ಇಡೀ ಆಫೀಸು ನಗುವುದು, ಸಾಕಾಯಿತು. ಮೂವತ್ತು ವರ್ಷ ಸಮುದ್ರದ ತಳಕ್ಕೆ ಇಳಿದು ಕಿವಿ ಒಡೆದುಕೊಂಡವರಿಗೆ ಕಾಗದವೇ ಸರಿ. ಇನ್ನು ಮೇಲೆ ಬ್ಲಿ ಗೆದೆಯ ಲಾರಿಯಲ್ಲಿ ನಿಮ್ಮ ಮೀನಿನ ಪೆಟ್ಟಿಗೆ ಇತ್ತ ಬಂದರೆ ನನ್ನ ಪತ್ರ ಅತ್ತ ಹೋಗುತ್ತದೆ.

ಒಂದು ಸಂತೋಷದ ಸುದ್ದಿ. ಪರದೇಶಕ್ಕೆ ಬಣ್ಣದ ಮೀನು ಕಳಿಸುವ ನಮ್ಮ ಗೋದಾಮಿನ ನೊರೆಯಂತ್ರ ನಿಮಗೆ ಗೊತ್ತಲ್ಲ, ಹೋದ ಸಲ ಬಂದಾಗ “ಇದೇನು, ಬಿಯರ್ ಮಾಡ್ತೀರಾ?” ಎಂದು ಕೇಳಿದಿರಲ್ಲ, ಅದೇ ಆಳೆತ್ತರದ ಗಾಜಿನಂಥ ಕಂಬ. ಇಲ್ಲಿಯವರು ಸ್ಕಿಮ್ಮರ್ ಅನ್ನುತ್ತಾರೆ. ನೂರಿಪ್ಪತ್ತು ತೊಟ್ಟಿಯ ನೀರೂ ಅದರೊಳಗೆ ಹಾದು ಹೋಗಬೇಕು. ಪಂಪು ಗಾಳಿಯನ್ನು ಎಳೆದು ನೀರಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆ ಮಾಡುತ್ತದೆ. ಮೀನಿನ ಹೇಲು, ಲೋಳೆ, ಉಳಿದ ತಿಂಡಿ ಎಲ್ಲ ಆ ಗುಳ್ಳೆಗೆ ಅಂಟಿ ಕಂದು ನೊರೆಯಾಗಿ ಮೇಲಿನ ಬಟ್ಟಲಿಗೆ ಏರುತ್ತದೆ. ಗಾಳಿ ಸರಿಯಾಗಿದ್ದರೆ ನೊರೆ, ಇಲ್ಲದಿದ್ದರೆ ಬರೀ ಹೊರೆ.

ಆರು ತಿಂಗಳಿಂದ ಅದು ಹೊರೆಯಾಗಿತ್ತು. ಎಲ್ಲರೂ ಪಂಪನ್ನು ಬೈಯುತ್ತಿದ್ದರು. ನಾನು ಗಾಳಿ ಎಳೆಯುವ ಕೊಳವೆಯನ್ನು ಬಿಚ್ಚಿ ನೋಡಿದೆ. ಒಳಗೆ ಉಪ್ಪು ಕಟ್ಟಿ ಸೂಜಿ ತೂರುವಷ್ಟೇ ತೂತು ಉಳಿದಿತ್ತು. ಬಿಸಿನೀರು ಹುಯ್ದು ತೊಳೆದೆ. ಕಿರುಬೆರಳ ಗಾತ್ರದ ಕೊಳವೆಗೆ ಬದಲು ಹೆಬ್ಬೆರಳ ಗಾತ್ರದ್ದು ಹಾಕಿದೆ. ಇನ್ನೊಂದು ವಿಷಯ: ಬಾಗಿಲು ಮುಚ್ಚಿದ ಗೋದಾಮಿನಲ್ಲಿ ಹದಿನಾಲ್ಕು ಜನ ದಿನವಿಡೀ ಉಸಿರು ಬಿಟ್ಟ ಗಾಳಿಯನ್ನೇ ಯಂತ್ರ ಎಳೆಯುತ್ತಿತ್ತು. ಹಳಸಿದ ಗಾಳಿ. ಗೋಡೆ ಕೊರೆದು ಕೊಳವೆಯನ್ನು ಹೊರಗೆ ಒಯ್ದೆ. ಒಂದೇ ದಿನದಲ್ಲಿ ನೊರೆ ಬಟ್ಟಲಿನ ಕಂಠಕ್ಕೆ ಬಂತು.

ಮಾಲೀಕರಾದ ಗುಸ್ತಿ ಅಲಿತ್ ಅವರು ಎಲ್ಲರ ಮುಂದೆ ಹೇಳಿದರು: “ಮೀನುಗಾರಿಕೆ ಶಾಲೇಲಿ ಓದ್ದೋರು ಇಲ್ಲಿ ನಾಲ್ಕು ಜನ ಇದ್ದೀರಿ. ತಲೆ ತಂದಿರೋದು ಇವಳೊಬ್ಬಳೇ.” ಈಗ ತೊಟ್ಟಿಗಳ ಪೂರ್ತಿ ಉಸ್ತುವಾರಿ ನನ್ನದು.

ಹೆತ್ತ ಮೇಮೆಗೂ ಹೇಳಿ. ನಿಮ್ಮ ನೀಲಿ ಮೀನುಗಳಿಗೆ ಇನ್ನು ರಾಜೋಪಚಾರ.

ನಿಮ್ಮ ಮಗಳು,
ಲುಹ್ ಸುವಿತ್ರಿ

*

ತುಕದ್ ಸಂಬಿ
19 ಮೇ 2004

ಮಗಳೇ ಲುಹ್,

ಪತ್ರ ಬಂತು. ಲಕೋಟೆಯ ಒಂದು ಮೂಲೆಯಲ್ಲಿ ಅಂಟು ಎದ್ದಿತ್ತು. ಲಾರಿಯ ಸೆಕೆಗೆ ಎದ್ದಿರಬಹುದು, ಗೆದೆಯ ಉಗುರಿಗೂ ಎದ್ದಿರಬಹುದು. ಪೆಟ್ಟಿಗೆ ಇಳಿಸುವಾಗ ಅವನು “ಮಗಳಿಗೆ ಬಡ್ತಿಯಂತೆ” ಅಂದ. ನಾನಿನ್ನೂ ಪತ್ರ ಒಡೆದಿರಲಿಲ್ಲ. ಮುಂದಿನ ಸಲ ಅನ್ನದ ಅಗುಳು ಹಾಕಿ ಅಂಟಿಸು.

ಮೇಮೆ ಕುಣಿದಳು. ನಾನು ಕುಣಿಯಲಿಲ್ಲ. ಗುಸ್ತಿಯನ್ನು ನಾನು ನಿನಗಿಂತ ಹದಿನೈದು ವರ್ಷ ಮೊದಲು ಬಲ್ಲೆ. ಇವತ್ತು ಶಹಬಾಸು, ನಾಳೆ ಉಪವಾಸು. ಉಸ್ತುವಾರಿ ಅಂದರೆ ಏನು ಗೊತ್ತೇ? ಇಷ್ಟು ದಿನ ಮೀನು ಸತ್ತರೆ ಪಂಪು ಬೈಸಿಕೊಳ್ಳುತ್ತಿತ್ತು, ಇನ್ನು ನೀನು.

ಗಾಳಿಯ ವಿಷಯಕ್ಕೆ ಬರುತ್ತೇನೆ. ನೊರೆ ನನಗೆ ತಿಳಿಯದು, ಗಾಳಿ ತಿಳಿಯುತ್ತದೆ. ಟೈರಿಗೆ ಗಾಳಿ ತುಂಬುವ ಕಂಪ್ರೆಸರನ್ನು ದೋಣಿ ಮೇಲಿಟ್ಟು, ಅದರ ಕೊಳವೆಯನ್ನು ಹಲ್ಲಲ್ಲಿ ಕಚ್ಚಿ ಹದಿನೈದು ಮೀಟರ್ ಕೆಳಗೆ ಬದುಕುವವನು ನಾನು. ಇಳಿಯುವ ಮುಂಚೆ ಒಂದೇ ಒಂದು ನೋಡುತ್ತೇನೆ: ಎಂಜಿನ್ನಿನ ಹೊಗೆ ಯಾವ ಕಡೆ ಹೋಗುತ್ತಿದೆ, ಕಂಪ್ರೆಸರ್ ಯಾವ ಕಡೆಯಿಂದ ಎಳೆಯುತ್ತಿದೆ. ಒಮ್ಮೆ ಗಾಳಿ ತಿರುಗಿದ್ದು ಗೊತ್ತಾಗದೆ ಅರ್ಧ ಗಂಟೆ ಹೊಗೆ ಕುಡಿದೆ. ಮೇಲೆ ಬಂದಾಗ ನನ್ನ ಹೆಸರೇ ನನಗೆ ನೆನಪಿರಲಿಲ್ಲ. ಮೇಮೆಯ ಹೆಸರು ನೆನಪಿತ್ತು, ಹಾಗಾಗಿ ಬದುಕಿದೆ ಅಂತ ಅವಳ ವಾದ.

ಕೊಳವೆಯನ್ನು ಹೊರಗೆ ಒಯ್ದೆ ಅಂದೆ. ಹೊರಗೆ ಅಂದರೆ ಎಲ್ಲಿ? ಕೊಳವೆಯ ಬಾಯಿ ಎಲ್ಲಿದೆ?

ಇದೇ ಶನಿವಾರ ಪೆಟ್ಟಿಗೆ ಕಳಿಸುತ್ತೇನೆ. ಭಾನುವಾರ ಕಜೆಂಗ್ ಕ್ಲಿವೊನ್ ಪೂಜೆ, ದೋಣಿ ಇಳಿಸುವುದಿಲ್ಲ.

ನಿನ್ನ ಬಾಪ

*

ದೆನ್ಪಸಾರ್
26 ಮೇ 2004

ಬಾಪ,

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಶನಿವಾರ ಬಂದ ನಿಮ್ಮ ನಲವತ್ತು ಮೀನುಗಳಲ್ಲಿ ಮೂವತ್ತೊಂದು ಸತ್ತವು.

ಶನಿವಾರ ಸಂಜೆ ಎಲ್ಲವೂ ಚೆನ್ನಾಗಿದ್ದವು. ಬಣ್ಣ ಅಂದರೆ ಬಣ್ಣ. ಸೋಮವಾರ ಬೆಳಿಗ್ಗೆ ಬಾಯಿ ತೆರೆದುಕೊಂಡು ಮೇಲೆ ತೇಲುತ್ತಿದ್ದವು. ಉಳಿದವರ ಮೀನು, ಹಿಂದಿನ ವಾರ ಬಂದವು, ಸ್ವಲ್ಪ ಮಂಕಾಗಿದ್ದವು, ಆದರೆ ಬದುಕಿವೆ.

ಗುಸ್ತಿ ಸತ್ತ ಮೀನೊಂದನ್ನು ಅಂಗೈ ಮೇಲೆ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಮೊದಲ ದಿನ ಮದುವಣಗಿತ್ತಿ ಥರ, ಮೂರನೇ ದಿನ ಹೆಣ. ಹಿಂಗೆ ಸಾಯೋ ಮೀನು ನಾನು ಮುಂಚೆ ನೋಡಿದ್ದೀನಿ, ಲುಹ್. ನೀನೂ ನೋಡಿರಬೇಕು” ಎಂದರು.

ನಾನು ಉಳಿದ ಹೆಣಗಳನ್ನು ಜಾಲರಿಯಲ್ಲಿ ಎತ್ತತೊಡಗಿದೆ.

ದಾರಿಯಲ್ಲಿ ಏನಾದರೂ ಆಗಿರಬಹುದೇ? ಎಲ್ಲಿ ಹಿಡಿದಿರಿ ಈ ಸಲ? ಯಾರ ಜೊತೆ ಹೋಗಿದ್ದಿರಿ? ಸುಮ್ಮನೆ ಕೇಳುತ್ತಿದ್ದೇನೆ.

ಲುಹ್

*

ತುಕದ್ ಸಂಬಿ
1 ಜೂನ್ 2004

ಲುಹ್,

ಸುಮ್ಮನೆ ಕೇಳುವವರು “ಸುಮ್ಮನೆ ಕೇಳುತ್ತಿದ್ದೇನೆ” ಅಂತ ಬರೆಯುವುದಿಲ್ಲ.

ಎಲ್ಲಿ ಹಿಡಿದೆ: ಯಾವಾಗಲೂ ಹಿಡಿಯುವ ಕಡೆ. ಯಾರ ಜೊತೆ: ಯಾವಾಗಲೂ ಹೋಗುವವರ ಜೊತೆ. ಬಲೆ: ಮೇಮೆ ಹೆಣೆದದ್ದು.

ಈಗ ನಾನು ಕೇಳುತ್ತೇನೆ, ಸುಮ್ಮನೆ ಅಲ್ಲ. ಗೆದೆ ದಾರಿಯಲ್ಲಿ ಕೋಳಿ ಅಂಕಕ್ಕೆ ನಿಂತನೇ? ಬಿಸಿಲಲ್ಲಿ ಲಾರಿ ಎಷ್ಟು ಹೊತ್ತು ನಿಂತಿತ್ತು? ನಮ್ಮ ಸಂಘದ ಅಧ್ಯಕ್ಷ ಪಾಕ್ ಸುಕ್ರನ ಅಳಿಯನ ಮೀನೂ ಅದೇ ಗೋದಾಮಿಗೆ ಬರುತ್ತದೆ. ಚೀಟಿ ಅದಲುಬದಲಾಗಿಲ್ಲ ಅಂತ ಏನು ಖಾತ್ರಿ? ಗುಸ್ತಿಗೆ ಪೂರ್ವ ದ್ವೀಪಗಳಿಂದ ಮೀನು ಅಗ್ಗಕ್ಕೆ ಸಿಗುತ್ತಿದೆಯಂತೆ, ನಮ್ಮನ್ನು ಬಿಡಲು ಅವನಿಗೊಂದು ನೆಪ ಬೇಕಾಗಿದೆಯೇ?

ಮೀನು ಬದುಕಿದರೆ ಗುಸ್ತಿಯ ಪ್ರತಾಪ, ಸತ್ತರೆ ಅದಕ್ಕೆ ಕಾರಣ ಬಾಪ.

ಕೊಳವೆಯ ಬಾಯಿ ಎಲ್ಲಿದೆ ಅಂತ ಹೋದ ಪತ್ರದಲ್ಲಿ ಕೇಳಿದ್ದೆ. ಉತ್ತರ ಬರಲಿಲ್ಲ.

ಬಾಪ

*

ದೆನ್ಪಸಾರ್
10 ಜೂನ್ 2004

ಬಾಪ,

ಮತ್ತೆ ಆಯಿತು. ಭಾನುವಾರ ಬಂದ ನಿಮ್ಮ ಪೆಟ್ಟಿಗೆ, ಮಂಗಳವಾರ ಬೆಳಿಗ್ಗೆಗೆ ಇಪ್ಪತ್ತೆಂಟು ಹೆಣ. ಲಾರಿ ನಿಲ್ಲಲಿಲ್ಲ, ಬ್ಲಿ ಗೆದೆಯ ಪಕ್ಕದಲ್ಲಿ ಗುಸ್ತಿಯ ತಮ್ಮನೇ ಕೂತು ಬಂದಿದ್ದರು. ಚೀಟಿ ಅದಲುಬದಲಾಗಿಲ್ಲ, ನೀವು ಚೀಲಕ್ಕೆ ಹಾಕುವ ಗಂಟು ನನಗೆ ಗೊತ್ತು. ಸುಕ್ರ ಅವರ ಅಳಿಯನ ಮೀನು ಗುರುವಾರವೇ ಬಂದದ್ದು, ಇನ್ನೂ ಈಜುತ್ತಿದೆ.

ನೇರವಾಗಿ ಕೇಳುತ್ತೇನೆ. ಸಿಟ್ಟು ಮಾಡಿಕೊಳ್ಳಬೇಡಿ, ಮಾಡಿಕೊಂಡರೂ ಉತ್ತರ ಕೊಡಿ.

ನನಗೆ ಒಂಬತ್ತು ವರ್ಷವಿದ್ದಾಗ ಅಡುಗೆಮನೆಯ ಅಟ್ಟದಲ್ಲಿ ಕಾಫಿಪುಡಿಯ ಡಬ್ಬಿ ಇತ್ತು. ಅದರಲ್ಲಿ ಬಿಳಿ ಬಿಲ್ಲೆಗಳಿದ್ದವು. ಸಕ್ಕರೆ ಮಿಠಾಯಿ ಅಂದುಕೊಂಡು ಒಂದನ್ನು ಕೈಗೆ ತೆಗೆದುಕೊಂಡಿದ್ದೆ. ನೀವು ನನ್ನ ಕೈಗೆ ಹೊಡೆದ ಏಟಿಗೆ ಬಿಲ್ಲೆ ಗೋಡೆಗೆ ಹಾರಿತು. ಆಮೇಲೆ ನನ್ನ ಕೈಯನ್ನು ಹನ್ನೊಂದು ಸಲ ತೊಳೆದಿರಿ, ಎಣಿಸಿದ್ದೆ. ಪೊತಾಸ್ ಎಂಬ ಮಾತನ್ನು ನಾನು ಕಲಿತದ್ದು ಅವತ್ತು, ಅದು ಸಯನೈಡ್ ಎಂಬುದನ್ನು ಆಮೇಲೆ. ಬಾಟಲಿಯ ನೀರಿನಲ್ಲಿ ಕಲಸಿ ಬಂಡೆಯ ಸಂದಿಗೆ ಚಿಮ್ಮಿಸಿದರೆ ಮೀನು ಮಂಪರು ಹತ್ತಿ ಕೈಗೇ ಬರುತ್ತದೆ ಎಂದು ಊರಿನ ಮಕ್ಕಳಿಗೆಲ್ಲ ಗೊತ್ತಿತ್ತು. ಮೂರು ದಿನದ ಮೇಲೆ ಅದು ಸಾಯುತ್ತದೆ ಎಂದು ನನಗೆ ಗೊತ್ತಾದದ್ದು ಶಾಲೆಯಲ್ಲಿ.

ನಾಲ್ಕು ವರ್ಷದ ಹಿಂದೆ ಸಮುದ್ರದ ಗುಡಿಯ ಮುಂದೆ ಇಡೀ ಬಲೆಗಾರರ ಸಂಘ ಆಣೆ ಇಟ್ಟಾಗ ನೀವು ಮೊದಲ ಸಾಲಿನಲ್ಲಿ ಕೂತಿದ್ದಿರಿ. ಬಲೆ ಬಿಟ್ಟು ಬೇರೆ ಮುಟ್ಟಿದವನಿಗೆ ನಮ್ಮ ದಂಡೆಯಿಂದ ದೋಣಿ ಇಳಿಸುವ ಹಕ್ಕಿಲ್ಲ ಎಂದು ಓದಿದವರೇ ನೀವು.

ಬಾಪ, ಆಣೆ ಆದಮೇಲೆ ಆ ಡಬ್ಬಿಗೆ ನೀವು ಕೈ ಹಾಕಿದ್ದೀರಾ?

ಹೌದು ಅಥವಾ ಇಲ್ಲ. ಒಂದೇ ಮಾತು ಸಾಕು. ಇಲ್ಲ ಅಂದರೆ ನಾನು ಗುಸ್ತಿಯ ಎದುರು ನಿಂತು ಜಗಳ ಆಡುತ್ತೇನೆ.

ಲುಹ್

*

ತುಕದ್ ಸಂಬಿ
18 ಜೂನ್ 2004

ಲುಹ್,

ಮೇಮೆಯ ಮೊಣಕಾಲು ನೋವು ಕಡಿಮೆಯಾಗಿದೆ. ಹಂದಿ ಏಳು ಮರಿ ಹಾಕಿದೆ. ಪಕ್ಕದ ಮನೆಯವರ ಹುಂಜ ಅಂಕದಲ್ಲಿ ಸತ್ತಿತು, ನಮಗೂ ಸಾರು ಬಂತು.

ಕೊಳವೆಯ ಬಾಯಿ ಎಲ್ಲಿದೆ ಅಂತ ಮೂರನೇ ಸಲ ಕೇಳುತ್ತಿದ್ದೇನೆ.

ಸೋಮವಾರ ಪೆಟ್ಟಿಗೆ ಬರುತ್ತದೆ.

ಬಾಪ

*

ದೆನ್ಪಸಾರ್
26 ಜೂನ್ 2004

ಬಾಪ,

ಹಂದಿ ಮರಿ ಹಾಕಿದ್ದು ತಿಳಿದು ಸಂತೋಷ. ನಾನು ಕೇಳಿದ್ದು ಅದಲ್ಲ.

ಸೋಮವಾರ ಬಂದ ಪೆಟ್ಟಿಗೆಯಲ್ಲಿ ಐದು ಮೀನು ಉಳಿದಿವೆ. ಮೂರು ಸಲ, ಮೂರೂ ನಿಮ್ಮವೇ. ಇನ್ನು ನಾನು ಯಾರ ಮೇಲೆ ಹೇಳಲಿ? ನೀವು ಪ್ರತಿ ಸಲ ಕೊಳವೆಯ ಕಡೆ ಬೊಟ್ಟು ಮಾಡುತ್ತೀರಿ. ನಾನು ಕೈಯಾರೆ ಹಾಕಿದ, ಎಲ್ಲರೂ ಮೆಚ್ಚಿದ ಒಂದೇ ಒಂದು ಕೆಲಸದ ಕಡೆ. ಅದು ಗೋದಾಮಿನಲ್ಲೇ ಅತ್ಯಂತ ಶುದ್ಧವಾದ ಜಾಗದಲ್ಲಿದೆ, ಅಷ್ಟು ಸಾಕು. ಗಾಳಿಯೇ ತಪ್ಪಾಗಿದ್ದರೆ ನೂರಿಪ್ಪತ್ತು ತೊಟ್ಟಿಗೂ ಒಂದೇ ನೀರು, ಎಲ್ಲರ ಮೀನೂ ಸಾಯಬೇಕಿತ್ತು. ಗಾಳಿಗೆ ನಿಮ್ಮ ವಿಳಾಸ ಗೊತ್ತಿದೆಯೇ?

ನಿನ್ನೆ ಗುಸ್ತಿ ಆಫೀಸಿಗೆ ಕರೆದರು. ಸಂಘಕ್ಕೆ ಬರೆದ ದೂರು ಮೇಜಿನ ಮೇಲಿತ್ತು. “ಅವನು ನಿನ್ನ ಅಪ್ಪ. ಅದಕ್ಕೇ ನಿನ್ನನ್ನ ಕೇಳ್ದೆ ಕಳಿಸಲ್ಲ. ಅವನು ಮತ್ತೆ ಪೊತಾಸ್ ಹಿಡಿದಿಲ್ಲ ಅಂತ ನೀನು ಹೇಳು. ಈಗಲೇ ಹರಿದು ಹಾಕ್ತೀನಿ” ಎಂದರು.

ನಿಮ್ಮ ಉತ್ತರ ನನ್ನ ಬಳಿ ಇರಲಿಲ್ಲ ಬಾಪ. ಹಂದಿಯ ಉತ್ತರ ಇತ್ತು, ಹುಂಜದ ಉತ್ತರ ಇತ್ತು.

ನಾನು ಸುಮ್ಮನೆ ನಿಂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಪೆನ್ನು ತೆಗೆದುಕೊಂಡು ಕೊನೆಯಲ್ಲಿ ಒಂದು ಸಾಲು ಸೇರಿಸಿ ಮಡಿಸಿದರು.

ಲುಹ್ ಸುವಿತ್ರಿ

*

ತುಕದ್ ಸಂಬಿ
15 ಜುಲೈ 2004

ಲುಹ್ ಸುವಿತ್ರಿ ಅವರಿಗೆ,

ಶುಕ್ರವಾರ ಸಂಘ ಸೇರಿತ್ತು. ದೂರನ್ನು ಪಾಕ್ ಸುಕ್ರ ಓದಿದ. ನನಗೆ ಅರ್ಧ ಕೇಳಿಸಲಿಲ್ಲ. ಕಾಗದವನ್ನು ಕೈಗೆ ಕೊಡಿ ಅಂತ ಕೇಳಿ ನಾನೇ ಓದಿಕೊಂಡೆ. ಕೊನೆಯ ಸಾಲು: “ಅವನ ಸ್ವಂತ ಮಗಳನ್ನು ಕೇಳಲಾಯಿತು, ಅಲ್ಲಗಳೆಯಲಿಲ್ಲ.”

“ಏನಾದ್ರೂ ಹೇಳೋದಿದೆಯಾ ನೆಂಗಾ?” ಎಂದು ಸುಕ್ರ ಕೇಳಿದ. ಇಲ್ಲ ಅಂದೆ.

ವಿಚಾರಣೆ ಮುಗಿಯುವವರೆಗೆ ದೋಣಿ ಇಳಿಸುವಂತಿಲ್ಲ. ಕಂಪ್ರೆಸರನ್ನು ಸಂಘದ ಚಪ್ಪರದಲ್ಲಿ ಇಟ್ಟು ಬೀಗ ಹಾಕಿದ್ದಾರೆ. ಗಲುಂಗಾನ್ ಹಬ್ಬ ಕಳೆದ ಮೇಲೆ ಕೊನೆಯ ತೀರ್ಮಾನ. ಆಗಲೂ ಹೀಗೇ ಆದರೆ ಹೆಸರು ಪೂರ್ತಿ ಹೊಡೆದುಹಾಕುತ್ತಾರೆ. ಐವತ್ತೆರಡನೇ ವಯಸ್ಸಿಗೆ ನನಗೆ ಬೇರೆ ಕೆಲಸ ಬರುವುದಿಲ್ಲ.

ಮೇಮೆ ನಿನಗೆ ಏನೂ ಬರೆಯಬೇಡ ಅಂದಳು. ಆದ್ದರಿಂದ ಇಷ್ಟೇ ಬರೆದಿದ್ದೇನೆ.

ನೆಂಗಾ ಕೆರ್ತ

*

ದೆನ್ಪಸಾರ್
13 ಆಗಸ್ಟ್ 2004

ಬಾಪ,

ನಿಮ್ಮ ಕೊನೆಯ ಪತ್ರದಲ್ಲಿ ಒಂದು ಪ್ರಾಸವೂ ಇರಲಿಲ್ಲ. ತಿರುಗಿಸಿ ಹಿಂದೆಯೂ ನೋಡಿದೆ.

ನಾಲ್ಕು ವಾರ ಬರೆಯಲಿಲ್ಲ. ಬರೆಯಲು ಕೂತರೆ ಕೈ “ಆದರೂ” ಎಂದೇ ಶುರುಮಾಡುತ್ತಿತ್ತು. ನಿಮ್ಮ ಪೆಟ್ಟಿಗೆ ನಿಂತಮೇಲೂ ಜುಲೈನಲ್ಲಿ ಎರಡು ಸಲ ಬೇರೆಯವರ ಮೀನು ಹತ್ತು, ಹದಿನೈದು ಸತ್ತವು. “ಅವನ ವಿಷ ನೀರಲ್ಲಿ ಇನ್ನೂ ಉಳಿದಿದೆ” ಎಂದರು ಗುಸ್ತಿ. ನಾನು ತಲೆಯಾಡಿಸಿದೆ. ಒಂದು ಸಲ ಒಬ್ಬರನ್ನು ಸಂಶಯಪಟ್ಟ ಮೇಲೆ ಸಿಕ್ಕಿದ್ದೆಲ್ಲ ಸಾಕ್ಷಿ.

ಮೊನ್ನೆ ಗಲುಂಗಾನ್. ನೀವು ಎಷ್ಟು ಸಂಭ್ರಮದಿಂದ ಮಾಡಿದಿರೋ ನಾನು ಕೇಳುವ ಹಾಗಿಲ್ಲ. ನಾನು ಇಲ್ಲೇ ಉಳಿದೆ, ತೊಟ್ಟಿ ನೋಡಿಕೊಳ್ಳಲು. ಮಧ್ಯಾಹ್ನಕ್ಕೆ ನೊರೆಯಂತ್ರದಲ್ಲಿ ನೊರೆ ಸತ್ತಿತ್ತು. ಗುಳ್ಳೆಯೇ ಇಲ್ಲ, ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಎಣ್ಣೆ. ಸಂಜೆಯ ಹೊತ್ತಿಗೆ ಎಲ್ಲ ತೊಟ್ಟಿಯಲ್ಲೂ ಮೀನು ಬಾಯಿ ತೆರೆದು ಮೇಲೆ ಬಂದಿದ್ದವು. ಸುಕ್ರ ಅವರ ಅಳಿಯನದು, ಪೂರ್ವ ದ್ವೀಪದಿಂದ ವಿಮಾನದಲ್ಲಿ ಬಂದದ್ದು, ತಿಂಗಳಿಂದ ಇಲ್ಲೇ ಇದ್ದು ನನ್ನ ಕೈಯಿಂದ ತಿನ್ನುತ್ತಿದ್ದದ್ದು, ಎಲ್ಲ. ನಿಮ್ಮ ಮೀನು ಒಂದೂ ಇರಲಿಲ್ಲ.

ಆಗ ಹೊರಗೆ ಹೋಗಿ ನೋಡಿದೆ. ನೀವು ಮೂರು ಸಲ ಕೇಳಿದ್ದನ್ನು.

ಕೊಳವೆ ಹಾಕುವಾಗ ಎರಡು ಜಾಗ ಇದ್ದವು. ಸಮುದ್ರದ ಕಡೆ ಹಂದಿಗೂಡು, ಬಚ್ಚಲ ಮೋರಿ. ಬೆಟ್ಟದ ಕಡೆ, ಸೂರ್ಯ ಹುಟ್ಟುವ ಮೂಲೆಯಲ್ಲಿ, ಗುಸ್ತಿಯ ಮನೆದೇವರ ಗುಡಿ. ಶುದ್ಧವಾದ ಗಾಳಿ ಬೇಕು, ಶುದ್ಧವಾದ ಮೂಲೆ ಯಾವುದು? ನಾನು ಯೋಚಿಸಲೂ ಇಲ್ಲ ಬಾಪ. ಯೋಚಿಸಬೇಕು ಅಂತಲೂ ಅನ್ನಿಸಲಿಲ್ಲ. ನಮ್ಮಲ್ಲಿ ಯಾರು ಒಳ್ಳೆಯದನ್ನು ಹಂದಿಗೂಡಿನ ಕಡೆ ಇಡುತ್ತಾರೆ? ಕೊಳವೆಯ ಬಾಯನ್ನು ಗುಡಿಯ ಗೋಡೆಯ ಮೇಲೆ, ನನ್ನ ಎದೆಯ ಎತ್ತರಕ್ಕೆ ಕಟ್ಟಿದ್ದೆ.

ಅದರ ಕೆಳಗೆ ಇಡೀ ಕಟ್ಟು ಊದುಬತ್ತಿ ಉರಿಯುತ್ತಿತ್ತು. ಗುಡಿಯ ಮುಂದೆ ಇನ್ನೂ ಆರು ಕಟ್ಟು. ಅಷ್ಟೇ ಅಲ್ಲ, ಗುಸ್ತಿಯ ಹೆಂಡತಿ ಜೆರೊ ಕೊಳವೆಯ ಬಾಯಿಗೇ ಎಲೆದೊನ್ನೆಯಲ್ಲಿ ಹೂವಿನ ಚನಾಂಗ್ ನೈವೇದ್ಯ ಇಟ್ಟು, ಅದರಲ್ಲಿ ಮೂರು ಕಡ್ಡಿ ಸಿಕ್ಕಿಸಿದ್ದರು. ಹೊಗೆ ಮೇಲಕ್ಕೆ ಹೋಗುತ್ತಲೇ ಇರಲಿಲ್ಲ. ನೇರವಾಗಿ ಕೊಳವೆಯೊಳಕ್ಕೆ, ಹಗ್ಗ ಎಳೆದ ಹಾಗೆ.

“ಜೆರೊ, ಇಲ್ಲಿ ಯಾಕೆ ಇಟ್ಟಿದ್ದೀರಿ?” ಎಂದೆ.

“ಯಾಕೆ ಅಂದ್ರೆ? ಮೋಟಾರಿಗೆ ಇಡ್ತೀವಿ, ಲಾರಿಗೆ ಇಡ್ತೀವಿ, ಒಲೆಗೆ ಇಡ್ತೀವಿ. ಇದು ಉಸಿರಾಡೋ ಯಂತ್ರ ಅಂತ ನೀನೇ ಅಲ್ವಾ ಹೇಳಿದ್ದು? ಮೇ ತಿಂಗಳಿಂದ ದಿನಾ ಒಂದು ಕಡ್ಡಿ ಇಡ್ತಾ ಇದ್ದೀನಿ. ಕಜೆಂಗ್ ಕ್ಲಿವೊನ್‌ಗೆ ಒಂದು ಕಟ್ಟು. ಮೀನು ಸಾಯ್ತಾ ಇವೆಯಲ್ಲ ಅಂತ ಈ ಸಲ ಒಳ್ಳೇ ಜಾತಿದು ತರಿಸ್ದೆ, ಅತ್ತರು ಅದ್ದಿರೋದು.”

ಮೀನು ಸಾಯುತ್ತಿವೆಯೆಂದು ಪಾಪ ಇನ್ನಷ್ಟು ಹೊಗೆ.

ಕೊಳವೆಯನ್ನು ಅಲ್ಲೇ ಕಿತ್ತು ಹಂದಿಗೂಡಿನ ಮೇಲಕ್ಕೆ ಒಯ್ದೆ. ಯಂತ್ರ ತೊಳೆದು ಅರ್ಧ ನೀರು ಬದಲಿಸಿದೆ. ಎರಡು ಗಂಟೆಯಲ್ಲಿ ಗುಳ್ಳೆ ಬಂತು, ಮರುದಿನ ಬೆಳಿಗ್ಗೆ ನೊರೆ ಕಂಠಕ್ಕೆ ಬಂತು. ಇನ್ನೂರ ಎಪ್ಪತ್ತು ಮೀನು ಹೋದವು, ಉಳಿದವು ಬದುಕಿದವು. ಮೊದಲೇ ಹಂದಿಯ ಪಕ್ಕ ಇಟ್ಟಿದ್ದರೆ ಎಲ್ಲವೂ ಬದುಕುತ್ತಿದ್ದವು.

ಆಮೇಲೆ ಕ್ಯಾಲೆಂಡರ್ ತೆಗೆದೆ. ಕಜೆಂಗ್ ಕ್ಲಿವೊನ್ ದಿನ ನೀವು ಸಮುದ್ರಕ್ಕೆ ಇಳಿಯುವುದಿಲ್ಲ. ಆದ್ದರಿಂದ ಹಿಂದಿನ ದಿನವೇ ನಿಮ್ಮ ಪೆಟ್ಟಿಗೆ ಕಳಿಸುತ್ತೀರಿ. ಉಳಿದವರು ಅಷ್ಟು ಕಟ್ಟುನಿಟ್ಟಿಲ್ಲ, ಯಾವ ದಿನವೆಂದರೆ ಆ ದಿನ. ಪ್ರತಿ ಹದಿನೈದು ದಿನಕ್ಕೊಮ್ಮೆ ಇಡೀ ಕಟ್ಟು ಉರಿಯುವಾಗ ಗೋದಾಮಿನಲ್ಲಿ ಎಲ್ಲಕ್ಕಿಂತ ಹೊಸದು, ದಾರಿಯಲ್ಲಿ ಸೋತದ್ದು, ನಿಮ್ಮ ಮೀನು. ಹಳೆಯವು ಮಂಕಾಗುತ್ತಿದ್ದವು, ನಿಮ್ಮವು ಸಾಯುತ್ತಿದ್ದವು. ಗಾಳಿಗೆ ನಿಮ್ಮ ವಿಳಾಸ ಗೊತ್ತಿದೆಯೇ ಎಂದು ಬರೆದಿದ್ದೆ. ಗೊತ್ತಿತ್ತು.

ಗುಸ್ತಿಗೆ ಎಲ್ಲ ಹೇಳಿದೆ. ಅವರು ಗಡ್ಡ ಕೆರೆದರು. “ಸರಿ. ಕೊಳವೆ ತೆಗೆದಾಯ್ತಲ್ಲ, ಮುಗೀತು. ಪರದೇಶದೋರಿಗೆ ‘ನಮ್ಮ ಗೋದಾಮಲ್ಲೇ ಮೀನು ಸಾಯ್ತಿತ್ತು’ ಅಂತ ಹೇಳಕ್ಕಾಗತ್ತಾ? ನಿಮ್ಮಪ್ಪಂಗೆ ಹೆಂಗೂ ವಯಸ್ಸಾಯ್ತು. ಅವನಿಗೆ ಇಲ್ಲೇ ಕಾವಲು ಕೆಲಸ ಕೊಡೋಣ. ಬಾಯಿ ಮುಚ್ಕೊಂಡಿರು. ಮುಚ್ಕೊಂಡಿರೋದು ನಿನಗೆ ಬರತ್ತೆ” ಎಂದರು.

ಆ ಕೊನೆಯ ಮಾತಿನ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ಕೋಣೆಗೆ ಬಂದು ಸಂಘಕ್ಕೆ ಬರೆದೆ. ಅದನ್ನು ಇದರ ಜೊತೆಗೇ ಇಟ್ಟಿದ್ದೇನೆ. ಲಕೋಟೆಗೆ ಅಂಟು ಹಾಕಿಲ್ಲ, ಅನ್ನದ ಅಗುಳೂ ಇಲ್ಲ. ಬ್ಲಿ ಗೆದೆ ಓದಲಿ. ದಾರಿಯಲ್ಲಿ ನಿಲ್ಲುವ ಪ್ರತಿ ಕಾಫಿ ಅಂಗಡಿಯಲ್ಲೂ ಹೇಳಲಿ.

ಕ್ಷಮಿಸಿ ಎಂದು ಬರೆಯುವುದು ಸುಲಭ, ಹಾಗಾಗಿ ಬರೆಯುತ್ತಿಲ್ಲ.

ನಿಮ್ಮ ಲುಹ್

*

ದೆನ್ಪಸಾರ್
13 ಆಗಸ್ಟ್ 2004

ಬಲೆಗಾರರ ಸಂಘದ ಅಧ್ಯಕ್ಷರಾದ ಪಾಕ್ ಮದೆ ಸುಕ್ರ ಅವರಿಗೂ ಎಲ್ಲ ಸದಸ್ಯರಿಗೂ,

ಮೇ, ಜೂನ್ ತಿಂಗಳಲ್ಲಿ ನೆಂಗಾ ಕೆರ್ತ ಅವರ ಮೀನುಗಳು ಸತ್ತದ್ದು ಪೊತಾಸಿನಿಂದ ಅಲ್ಲ. ಗೋದಾಮಿನ ನೊರೆಯಂತ್ರದ ಗಾಳಿ ಕೊಳವೆಯನ್ನು ನಾನು ಊದುಬತ್ತಿ ಉರಿಯುವ ಜಾಗದಲ್ಲಿ ಇಟ್ಟದ್ದರಿಂದ. ಹೊಗೆಯ ಎಣ್ಣೆ ನೀರಿಗೆ ಸೇರಿ ನೊರೆ ನಿಂತಿತು, ನೀರು ಕೆಟ್ಟಿತು. ಗಲುಂಗಾನ್ ದಿನ ಎಲ್ಲರ ಮೀನೂ ಸತ್ತವು. ಸುಕ್ರ ಅವರ ಅಳಿಯ ತಮ್ಮ ಮೀನಿನ ಬಗ್ಗೆ ಗೋದಾಮನ್ನು ಕೇಳಲಿ, ನಾನು ಸಾಕ್ಷಿ ಹೇಳುತ್ತೇನೆ.

ಅವರ ಮಗಳನ್ನು ಕೇಳಲಾಯಿತು, ಅಲ್ಲಗಳೆಯಲಿಲ್ಲ ಎಂದು ದೂರಿನಲ್ಲಿದೆ. ನಿಜ. ಅವರು ನನಗೆ ಮೂರು ಸಲ ಒಂದು ಪ್ರಶ್ನೆ ಕೇಳಿದ್ದರು. ಎದ್ದು ಇಪ್ಪತ್ತು ಹೆಜ್ಜೆ ಹೋಗಿ ನೋಡಿದ್ದರೆ ಉತ್ತರ ಸಿಗುತ್ತಿತ್ತು. ನಾನು ಅವರನ್ನು ಸಂಶಯಪಡುವುದರಲ್ಲಿ ನಿರತಳಾಗಿದ್ದೆ. ತಪ್ಪು ಕೊಳವೆಯದೂ ಅಲ್ಲ, ಕಡ್ಡಿ ಹಚ್ಚಿದವರದೂ ಅಲ್ಲ, ನನ್ನದು.

ಇದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಬಾಪನಿಗೆ ಕಿವಿ ಕೇಳಿಸುವುದಿಲ್ಲ, ಎಡಗಡೆ ನಿಂತು ಓದಿ.

ನಿ ಲುಹ್ ಸುವಿತ್ರಿ

*

ತುಕದ್ ಸಂಬಿ
2 ಸೆಪ್ಟೆಂಬರ್ 2004

ಮಗಳೇ ಲುಹ್,

ಗೆದೆ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿದ್ದಾನೆ. ನಿನ್ನ ಪತ್ರ ಊರಿಗೆ ಬರುವ ಮುಂಚೆ ಸುದ್ದಿ ಬಂದಿತ್ತು. ಕಾಫಿ ಅಂಗಡಿಯವಳು ನನಗೆ “ಹೊಗೆ ಕುಡಿದ ಮೀನಿಗೆ ಸಾಂಬಾಲ್ ಚಟ್ನಿ ಬೇಡ್ವಂತೆ, ಹೌದಾ ಬಾಪ?” ಎಂದಳು. ಎರಡು ತಿಂಗಳಿಂದ ನನ್ನ ಜೊತೆ ಮಾತಾಡಿರಲಿಲ್ಲ.

ಸಭೆ ಕುನಿಂಗಾನ್ ಹಬ್ಬವೂ ಕಳೆದ ಮೇಲೆ ಸೇರಿತು. ಸುಕ್ರ ನನ್ನ ಎಡಗಡೆ ನಿಂತು ಎರಡು ಸಲ ಓದಿದ. ಮೊದಲ ಸಲ ನನಗೆ ಕೇಳಿಸಲಿ ಅಂತ, ಎರಡನೇ ಸಲ ಅವನ ಅಳಿಯನಿಗೆ ಅರ್ಥವಾಗಲಿ ಅಂತ. ಇಪ್ಪತ್ತು ಹೆಜ್ಜೆ ಎಂದು ಓದಿದಾಗ ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ಕೈ ಎತ್ತಿದರು. ಕಂಪ್ರೆಸರಿನ ಬೀಗದ ಕೈಯನ್ನು ಸುಕ್ರ ಎಲೆಯ ಮೇಲೆ ಇಟ್ಟು ನನ್ನ ಮುಂದೆ ತಳ್ಳಿದ. “ತಪ್ಪಾಯ್ತು ನೆಂಗಾ. ದೋಣಿ ನಿಂದು, ದಂಡೆ ನಿಂದು” ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ನೀನು ಜೂನಿನಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಹೌದು ಅಥವಾ ಇಲ್ಲ, ಒಂದೇ ಮಾತು ಸಾಕು ಅಂದಿದ್ದೆ. ನಾನು ಹಂದಿಯ ಬಗ್ಗೆ ಬರೆದೆ. ನೀನು ಅದನ್ನು ಸಿಟ್ಟು ಅಂದುಕೊಂಡಿರಬಹುದು. ಅದು ಸಿಟ್ಟಲ್ಲ. ಈ ಮೀನುಗಳಿಗೆ ಪೊತಾಸ್ ಹಾಕಿದ್ದೀರಾ ಅಂತ ಕೇಳಿದ್ದರೆ ಇಲ್ಲ ಅಂತ ದಪ್ಪಕ್ಷರದಲ್ಲಿ ಬರೆಯುತ್ತಿದ್ದೆ. ನೀನು ಕೇಳಿದ್ದು ಆಣೆ ಆದಮೇಲೆ ಅಂತ.

ಆಣೆ ಆದ ಮರುವರ್ಷ, ನೀನು ಓದಲು ದೆನ್ಪಸಾರ್‌ಗೆ ಹೋಗಿದ್ದೆ. ಉತ್ತರದ ಬಂಡೆಯಲ್ಲಿ ನೀಲಿ ಮುಖದ ಒಂದು ಮೀನು ಇತ್ತು. ಮೂರು ದಿನ ಬಲೆ ಹಾಕಿದೆ. ಮೂರು ದಿನವೂ ಅದು ಸಂದಿಯೊಳಗೆ ಹೋಗಿ, ತಿರುಗಿ ನನ್ನ ಕಡೆ ಮುಖ ಮಾಡಿ ನಿಂತುಕೊಳ್ಳುತ್ತಿತ್ತು. ನಾಲ್ಕನೇ ದಿನ ಡಬ್ಬಿಯಲ್ಲಿ ಉಳಿದಿದ್ದ ಒಂದೇ ಒಂದು ಬಿಲ್ಲೆಯನ್ನು ಬಾಟಲಿಗೆ ಹಾಕಿಕೊಂಡು ಹೋದೆ. ನಿನ್ನ ಫೀಸಿಗೆ, ಮೇಮೆಯ ಔಷಧಿಗೆ ಅಂತ ಹೇಳಿದರೆ ಚೆನ್ನಾಗಿರುತ್ತಿತ್ತು. ಅದ್ಯಾವುದೂ ಅಲ್ಲ. ಹಟಕ್ಕೆ. ಮೀನು ಸಿಕ್ಕಿತು. ತಿಂಗಳೊಳಗೆ ಆ ಬಂಡೆಯ ಹವಳವೆಲ್ಲ ಸುಣ್ಣ ಬಳಿದ ಹಾಗೆ ಬಿಳಿಯಾಯಿತು. ಅಲ್ಲಿಂದ ಇಲ್ಲಿಯವರೆಗೆ ಆ ಬಂಡೆಯನ್ನು ಬಳಸಿಕೊಂಡೇ ಹೋಗುತ್ತೇನೆ, ಎದುರಿಗೆ ಹೋಗುವುದಿಲ್ಲ.

ಜುಲೈನಲ್ಲಿ ಸುಕ್ರ “ಹೇಳೋದಿದೆಯಾ” ಅಂದಾಗ ಇಲ್ಲ ಅಂದದ್ದೂ ಅದಕ್ಕೇ. ನಾನು ಮಾಡದ್ದಕ್ಕೆ ಶಿಕ್ಷೆ ಬಂದಿದೆ, ಮಾಡಿದ್ದಕ್ಕೆ ಸರಿಹೋಯಿತು ಅಂತ ಒಳಗೊಳಗೇ ಲೆಕ್ಕ ಚುಕ್ತಾ ಮಾಡಿಕೊಂಡಿದ್ದೆ. ನಿನ್ನ ಪತ್ರ ಆ ಲೆಕ್ಕವನ್ನು ಕೆಡಿಸಿತು. ಮಗಳು ನೂರು ಜನರ ಮುಂದೆ ತನ್ನದು ತಪ್ಪು ಅಂತ ಓದಿಸಿದಾಗ, ಅಪ್ಪ ಬೀಗದ ಕೈ ಎತ್ತಿಕೊಂಡು ಮನೆಗೆ ಹೋಗುವುದು ಹೇಗೆ?

ಎದ್ದು ನಿಂತು ಹೇಳಿದೆ. ಬಂಡೆ ಯಾವುದು, ವರ್ಷ ಯಾವುದು, ಮೀನು ಎಂಥದು.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ, ಅಥವಾ ಮಾತಾಡಿದರು, ನನಗೆ ಕೇಳಿಸಲಿಲ್ಲ. ಕೊನೆಗೆ ಸುಕ್ರ ಕಿವಿಯ ಹತ್ತಿರ ಬಂದು ಕಿರುಚಿದ: “ಮೂರು ವರ್ಷ ಸುಮ್ಮನಿದ್ದೋನು ಇವತ್ತೇ ಯಾಕೆ ಹೇಳ್ದೆ ಮಾರಾಯ? ಊಟಕ್ಕೆ ಲಾವಾರ್ ಕಲಸಿ ಇಟ್ಟಾಗಿದೆ!”

“ಮಗಳ ಪತ್ರ ಚಿಕ್ಕದಾಗಿತ್ತು, ಸಭೆಗೆ ಹೊತ್ತು ಉಳಿದಿತ್ತು” ಅಂದೆ.

ಆರು ತಿಂಗಳು ನೀರಿಗೆ ಇಳಿಯುವಂತಿಲ್ಲ. ಆ ಬಂಡೆಯ ಮೇಲೆ ಹೊಸ ಹವಳದ ಕಡ್ಡಿ ಕಟ್ಟುವ ಕೆಲಸ ಸಂಘ ಮಾಡುತ್ತದೆ, ಸಿಮೆಂಟು ನಾನು ಕಲಸಬೇಕು. ಆರು ತಿಂಗಳ ಮೇಲೆ ಹೆಸರು ವಾಪಸು. ಮೇಮೆ ಎರಡು ದಿನ ಮಾತು ಬಿಟ್ಟಳು, ಮೂರನೇ ದಿನ ಸಿಮೆಂಟಿಗೆ ನೀರು ತಂದುಕೊಟ್ಟಳು. ವಿಚಿತ್ರವೆಂದರೆ ಜುಲೈನಲ್ಲಿ ನಿದ್ದೆ ಬರುತ್ತಿರಲಿಲ್ಲ, ಈಗ ಬರುತ್ತಿದೆ. ಬೆನ್ನು ನೋವು, ಮನಸು ಹಗುರ. ಸಿಮೆಂಟು ಗಟ್ಟಿ, ಮೇಮೆಯ ದನಿ ಮಧುರ. ಎರಡನೆಯದು ಪ್ರಾಸಕ್ಕೆ ಬರೆದದ್ದು.

ನಿನ್ನನ್ನು ತೊಟ್ಟಿಯಿಂದ ತೆಗೆದು ಪ್ಲಾಸ್ಟಿಕ್ ಚೀಲ ಕಟ್ಟುವ ಕಡೆ ಹಾಕಿದ್ದಾರಂತೆ, ಗೆದೆ ಹೇಳಿದ. ಅಲ್ಲಿರುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಆ ಕಾವಲು ಕೆಲಸ ನನಗೆ ಬೇಡ ಅಂತ ಗುಸ್ತಿಗೆ ಹೇಳು.

ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ನೀನು ಸಂಶಯಪಟ್ಟದ್ದು ಸರಿಯಾದ ಮನುಷ್ಯನನ್ನೇ. ಮೀನು ಮಾತ್ರ ಬೇರೆಯದು.

ಇನ್ನು ಮುಂದೆ ನೀನು ಏನು ಕೇಳಿದರೂ ಉತ್ತರ ಕೊಡುವುದು ಅಂತ ತೀರ್ಮಾನ ಮಾಡಿದ್ದೇನೆ. ಆದ್ದರಿಂದ ಕೇಳುವ ಮೊದಲು ಸ್ವಲ್ಪ ಯೋಚನೆ ಮಾಡು.

ನಿನ್ನ ಬಾಪ